ಬೀಗರಿಬ್ಬರ ಸಿದ್ಧಾಂತ

ನಾಶಿಕದ ಮನ್ಮಥಪ್ಪನವರು ಉದಾರವಾದಿ, ಸಂಭಾಜಿನಗರದ ಮಲ್ಲಿನಾಥರು ಸಂಪ್ರದಾಯವಾದಿ. ಇದನ್ನು ಯಾರೂ ಕಷ್ಟಪಟ್ಟು ಕಂಡುಹಿಡಿಯಬೇಕಾಗಿರಲಿಲ್ಲ. ಇಬ್ಬರೂ ತಾವೇ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ಮನ್ಮಥಪ್ಪನವರ ಮಗಳನ್ನು ಮಲ್ಲಿನಾಥರ ಮಗನಿಗೆ ಕೊಟ್ಟು ಬೀಗರಾದ ದಿನದಿಂದ ಈ ಎರಡು ಸಿದ್ಧಾಂತಗಳು ಎರಡೂ ಮನೆಯವರ ಊಟದ ಹೊತ್ತನ್ನು ಹಾಳು ಮಾಡುತ್ತ ಬಂದಿದ್ದವು. ಬೇರೆಯವರು ಕೈತೊಳೆದು ಎದ್ದು ಹೋಗಬಹುದಿತ್ತು. ಅಶ್ವಿನಿಗೆ ಆ ಭಾಗ್ಯವೂ ಇರಲಿಲ್ಲ, ಏಕೆಂದರೆ ಆಕೆ ಒಬ್ಬರ ಮಗಳು, ಇನ್ನೊಬ್ಬರ ಸೊಸೆ.

ಮನ್ಮಥಪ್ಪನವರು ಬೀದರ ಕಡೆಯಿಂದ ಹರೆಯದಲ್ಲಿ ಬಂದು ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಮಾಜದ ಸಭೆಯಲ್ಲಿ ಮೈಕು ಸಿಕ್ಕರೆ ಸಾಕು, "ಇಡೀ ಆಯುಷ್ಯ ವಿಮಾನಕ್ಕ ರೆಕ್ಕಿ ಜೋಡಿಸಿದವ ನಾನು, ಯಾರ ರೆಕ್ಕೀನೂ ಕತ್ತರಸೋನಲ್ಲ" ಎನ್ನುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರ ಹೆಂಡತಿ ಸಂಗಮ್ಮ ಆ ಮಾತು ಶುರುವಾಗುವ ಸುಳಿವು ಸಿಕ್ಕ ಕೂಡಲೇ ಎದ್ದು ಊಟದ ವ್ಯವಸ್ಥೆ ನೋಡಲು ಹೋಗುತ್ತಿದ್ದಳು.

ಮಲ್ಲಿನಾಥರದು ಕಲಬುರಗಿ ಕಡೆಯ ಮನೆತನ. ಚಿಕಲಠಾಣಾದ ಕಾರ್ಖಾನೆಗಳಿಗೆ ನಟ್ಟು ಬೋಲ್ಟು ಪೂರೈಸುವ ಅಂಗಡಿ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಹಿರಿಯರು. "ಹಿರಿಯರು ಬಿಗಿದ ಬೋಲ್ಟು ಬಿಚ್ಚೋ ಮೊದಲ ಅದು ಅಲ್ಲಿ ಯಾಕ ಅದ ಅಂತ ತಿಳ್ಕೋಬೇಕು" ಎನ್ನುವುದು ಅವರ ಖಾಯಂ ಮಾತು. ಒಳ್ಳೆಯ ಮಾತೇ. ಆದರೆ ಯಾವ ಬೋಲ್ಟು ಯಾಕೆ ಇದೆ ಎಂದು ಅವರೂ ಎಂದೂ ತಿಳಿದುಕೊಂಡಿರಲಿಲ್ಲ. ಬಿಚ್ಚದೆ ಕೂತಿದ್ದರು, ಅಷ್ಟೇ.

ಮಾವನ ಊರಿಗೆ ಸಂಭಾಜಿನಗರ ಎಂಬ ಹೊಸ ಹೆಸರು ಬಂದಾಗಲೇ ಅಶ್ವಿನಿಗೆ ಇಬ್ಬರ ಸಿದ್ಧಾಂತದ ಆಳ ತಿಳಿದುಹೋಗಿತ್ತು. ಹಳೆಯದನ್ನು ಮುಟ್ಟಬಾರದು ಎನ್ನುವ ಮಾವ ಹೊಸ ಹೆಸರು ಬಂದದ್ದಕ್ಕೆ ಓಣಿಗೆಲ್ಲ ಪೇಢೆ ಹಂಚಿದರು. ಬದಲಾವಣೆಯೇ ಬದುಕು ಎನ್ನುವ ಅಪ್ಪ, ಹಳೆಯ ಹೆಸರು ಏನು ಕೆಟ್ಟದ್ದಿತ್ತು, ರೂಢಿಯಾದದ್ದನ್ನು ಯಾಕೆ ಕೆಡಿಸಬೇಕು ಎಂದು ಎರಡು ದಿನ ಗೊಣಗಿದರು.

ಆಕೆಗೆ ಇದು ಬರೀ ಮನೆಯ ತಲೆನೋವಾಗಿರಲಿಲ್ಲ, ಹೊಟ್ಟೆಪಾಡೂ ಆಗಿತ್ತು. ನಾಶಿಕದ ಒಂದು ಜೂನಿಯರ್ ಕಾಲೇಜಿನಲ್ಲಿ ಆಕೆ ರಾಜ್ಯಶಾಸ್ತ್ರ ಕಲಿಸುತ್ತಿದ್ದಳು. ಹನ್ನೆರಡನೆಯ ತರಗತಿಗೆ ಪ್ರತಿ ವರ್ಷ ಈ ಪಾಠ ಬರುತ್ತಿತ್ತು. ಉದಾರವಾದಿಗೆ ಮನುಷ್ಯ ಮೊದಲು, ಕಟ್ಟಳೆ ಆಮೇಲೆ. ತನ್ನನ್ನು ಸಮರ್ಥಿಸಿಕೊಳ್ಳಲಾಗದ ಕಟ್ಟಳೆಗೆ ಉಳಿಯುವ ಹಕ್ಕಿಲ್ಲ. ಸಂಪ್ರದಾಯವಾದಿಗೆ ಒಬ್ಬನ ಬುದ್ಧಿಗಿಂತ ಹಲವು ತಲೆಮಾರುಗಳ ಅನುಭವ ದೊಡ್ಡದು. ಸಮಾಜವೆಂಬುದು ಬದುಕಿದವರದಷ್ಟೇ ಅಲ್ಲ, ಸತ್ತವರದೂ ಹುಟ್ಟಬೇಕಾದವರದೂ ಹೌದು. ಹೀಗೆ ಹೇಳುವಾಗ ಎರಡೂ ಎಷ್ಟು ಗಂಭೀರವಾಗಿ, ಎಷ್ಟು ಮರ್ಯಾದಸ್ಥವಾಗಿ ಕೇಳಿಸುತ್ತವೆ ಎಂದು ಆಕೆಗೇ ಆಶ್ಚರ್ಯವಾಗುತ್ತಿತ್ತು. ಮನೆಗೆ ಬಂದರೆ ಅವೇ ಎರಡು ಪಂಚೆ ಉಟ್ಟು ಸೋಫಾದ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದವು.

ಆಕೆಯ ಗಂಡ ಓಂಕಾರ ಕೊರೋನಾದ ಎರಡನೆಯ ಅಲೆಯಲ್ಲಿ ತೀರಿಹೋಗಿದ್ದ. ಮಗಳು ಮೃಣಾಲಿನಿ ಆಗ ಚಿಕ್ಕವಳು. ಅಶ್ವಿನಿ ನಾಶಿಕಕ್ಕೆ ಬಂದು, ಕೆಲಸ ಹಿಡಿದು, ತವರಿನ ಹತ್ತಿರವೇ ಬಾಡಿಗೆ ಮನೆ ಮಾಡಿದಳು. ಆದರೆ ರಜೆ ಬಂತೆಂದರೆ ಮಗಳಿಗೆ ಸಂಭಾಜಿನಗರದ ಮನೆಯೇ ಬೇಕು. ಅಲ್ಲಿ ಮುತ್ಯಾ ಮಲ್ಲಿನಾಥರ ಸ್ಕೂಟರು, ಚಿಕ್ಕಪ್ಪನ ಹೆಂಡತಿ ಪ್ರಿಯಾಳ ಪುಟ್ಟ ಮಕ್ಕಳು, ಅಪ್ಪ ಗೋಡೆಯ ಮೇಲೆ ಗೆರೆ ಎಳೆದು ತನ್ನ ಎತ್ತರ ಅಳೆದ ಗುರುತು. ತಂದೆಯ ಕಡೆಯದೆಂದು ಆ ಹುಡುಗಿಗೆ ಉಳಿದದ್ದು ಆ ಮನೆಯೊಂದೇ.

ಇಂಥದರಲ್ಲಿ ಭುಜಂಗ ಸಿಕ್ಕ. ಭಾಲ್ಕಿಯವನು, ಬ್ಯಾಂಕಿನವನು, ವರ್ಗವಾಗಿ ನಾಶಿಕಕ್ಕೆ ಬಂದವನು, ಮೊದಲ ಮದುವೆ ಮುರಿದವನು. ಕಡಿಮೆ ಮಾತಾಡುತ್ತಿದ್ದ. ಯಾವ ವಾದಿಯೂ ಆಗಿರಲಿಲ್ಲ. ಅಶ್ವಿನಿಗೆ ಅವನು ಇಷ್ಟವಾಗಲು ಅಷ್ಟೇ ಸಾಕಾಗಿತ್ತು ಎಂದರೂ ತಪ್ಪಿಲ್ಲ. ಮದುವೆಯಾಗಲು ಕಾನೂನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆಕೆಗೆ ಬೇಕಾಗಿತ್ತು, ಮಗಳಿಗಾಗಿ. ತಾನು ಹೊಸ ಮನೆ ಕಟ್ಟಿಕೊಂಡ ತಪ್ಪಿಗೆ ಮಗಳ ಪಾಲಿನ ಹಳೆಯ ಬಾಗಿಲು ಮುಚ್ಚಬಾರದು, ಇಷ್ಟೇ ಆಕೆಯ ಬೇಡಿಕೆ.

ಮೊದಲು ಅಪ್ಪನಿಗೆ ಹೇಳಿದಳು. ಉದಾರವಾದಿ, ಸುಲಭವಾಗಿ ಮುಗಿಯುತ್ತದೆ ಎಂದುಕೊಂಡಿದ್ದಳು.

"ಭೇಷ್!" ಎಂದರು ಮನ್ಮಥಪ್ಪ, ಪೇಪರು ಮಡಚಿ. "ವಿಧವಾ ವಿವಾಹದ ಮ್ಯಾಲ ನಾ ಎಷ್ಟು ಭಾಷಣ ಮಾಡೀನಿ ನಿನಗ ಗೊತ್ತದ. ತತ್ವದಾಗ ನನ್ನ ಪೂರ್ತಿ ಬೆಂಬಲ ಅದ."

"ತತ್ವದಾಗ ಇರಲಿ ಅಪ್ಪಾ. ನೀವು ಸಂಭಾಜಿನಗರಕ್ಕ ಬಂದು ಮಾವಾರ ಮುಂದ ಒಂದು ಮಾತು ಹೇಳ್ರಿ."

ಮನ್ಮಥಪ್ಪ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆಂದರೆ ಜಾರಿಕೊಳ್ಳುವ ತಯಾರಿ ನಡೆದಿದೆ ಎಂದರ್ಥ. "ನೋಡವ್ವಾ, ನಾನು ಲಿಬರಲ್. ನನ್ನ ವಿಚಾರ ಇನ್ನೊಬ್ಬರ ಮ್ಯಾಲ ಹೇರೋದು ನನ್ನ ತತ್ವಕ್ಕ ವಿರುದ್ಧ. ಬೀಗರ ನಂಬಿಕಿ ಬೀಗರದು. ಅದಕ್ಕೂ ಗೌರವ ಕೊಡಬೇಕಲ್ಲ? ಅವರು ಒಪ್ಪಿದ್ರ ನನ್ನದೇನೂ ಅಡ್ಡಿ ಇಲ್ಲ."

"ಅಂದ್ರ ನನ್ನ ಮದುವಿಗಿ ಅವರ ಒಪ್ಪಿಗಿ ಬೇಕು ಅಂತೀರಿ."

"ಹಂಗ ನಾ ಎಲ್ಲಿ ಅಂದೆ? ಗೌರವ ಅಂದೆ."

ಅಡುಗೆಮನೆಯಿಂದ ಸಂಗಮ್ಮನ ದನಿ ಬಂತು. "ಯೂನಿಯನ್ ಎಲೆಕ್ಷನ್ನಾಗ ಗೇಟಿನ ಮುಂದ ಅಷ್ಟು ಒದರತಿದ್ರಿ. ಮಗಳ ಪಾಳಿ ಬಂದಾಗ ಗಂಟಲ ಬಿತ್ತೇನ್ರಿ?"

ಮನ್ಮಥಪ್ಪ ಪೇಪರು ಬಿಚ್ಚಿದರು.

ಅಶ್ವಿನಿ ಮುಂದಿನ ವಾರ ಒಬ್ಬಳೇ ಬಸ್ಸು ಹತ್ತಿದಳು. ನಿಫಾಡದ ದ್ರಾಕ್ಷಿ ತೋಟಗಳು ಕಳೆದು ಯೇವಲಾ, ವೈಜಾಪುರ ದಾಟುವವರೆಗೂ ಮಾವನಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ತಿದ್ದಿ ತೀಡಿದಳು. ಎಲ್ಲ ದಂಡವಾಯಿತು. ಮಲ್ಲಿನಾಥರು ಆಕೆ ಹೇಳಿದ್ದನ್ನೆಲ್ಲ ಕೇಳಿ, ಸಿಟ್ಟಿಗೇಳದೆ, ಮೆತ್ತಗೆ ಮಾತಾಡಿದರು. ಸಿಟ್ಟಿಗೆದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ನಾ ಕಲ್ಲೇನಲ್ಲ ಅಶ್ವಿನಿ. ನಿನ್ನ ವಯಸ್ಸು ನನಗ ತಿಳೀತದ. ಖರೇ ನಮ್ಮ ಮನೆತನದಾಗ ಇದು ನಡದು ಬಂದಿಲ್ಲ. ಗಂಡ ಹ್ವಾದ ಹೆಣ್ಣುಮಗಳು ಮತ್ತೊಂದು ಮದುವಿ ಆದದ್ದು ಇಲ್ಲೇ ಇಲ್ಲ. ಇಷ್ಟು ತಲಿಮಾರು ನಡೆಸಿದ್ದನ್ನ ನಾ ಒಬ್ಬವ ನಡುವ ಬಂದು ಮುರೀಲಾಕ ಯಾವ ದೊಡ್ಡಾಂವ?"

"ಹಂಗಾದ್ರ ಬ್ಯಾಡ ಅಂತೀರೇನ್ರಿ ಮಾವಾರ?"

"ಬ್ಯಾಡ ಅನಲಾಕೂ ನಾ ಯಾರು? ಮಗಳ ಮಾತು ತವರಿನವರು ಬಂದು ಎತ್ತಬೇಕು. ಅದು ಪದ್ಧತಿ. ನಿಮ್ಮಪ್ಪ ಬರ್ಲಿ, ಕೇಳ್ಲಿ, ಆಮ್ಯಾಲ ನೋಡೋಣು."

ಅಪ್ಪ ಬಂದು ಕೇಳುವುದಿಲ್ಲ, ಏಕೆಂದರೆ ಅದು ಹೇರಿಕೆಯಾಗುತ್ತದೆ. ಮಾವ ಉತ್ತರ ಕೊಡುವುದಿಲ್ಲ, ಏಕೆಂದರೆ ಅಪ್ಪ ಕೇಳಿಲ್ಲ. ಎರಡೂ ಸಿದ್ಧಾಂತಗಳು ಜೀವಮಾನದಲ್ಲಿ ಮೊದಲ ಸಲ ಒಂದೇ ಕಡೆ ಬಂದು ಕೂಡಿದ್ದವು, ಏನೂ ಮಾಡದೆ ಕೂರುವಲ್ಲಿ. ಹಿಂದಿರುಗುವ ಬಸ್ಸಿನಲ್ಲಿ ಅಶ್ವಿನಿಗೆ ನಗುವೂ ಬಂತು, ಮೈಯೆಲ್ಲ ಉರಿಯಿತು. ತರಗತಿಯಲ್ಲಿ ಮಕ್ಕಳು ಎರಡರ ನಡುವಿನ ವ್ಯತ್ಯಾಸ ಬರೆಯಲಾಗದೆ ಪೆನ್ನು ಕಚ್ಚುವುದನ್ನು ನೋಡಿ ಬೈಯುತ್ತಿದ್ದ ತಾನೇ ಈಗ ಬರೆಯಲಾರಳು.

ಕೊನೆಗೆ ಆಕೆ ಒಂದು ಉಪಾಯ ಮಾಡಿದಳು. ಉದಾರವಾದ ಅನ್ನೋದು ಹೊರಗಿನಿಂದ ತಂದ ಸರಕು, ಈ ಮಾತಿಗೆ ಬೀಗರ ಹತ್ತಿರ ಉತ್ತರ ಇಲ್ಲ ಎಂದು ಮಾವ ನಾಲ್ಕು ಮಂದಿಯ ಮುಂದೆ ಹೇಳುತ್ತಿದ್ದಾರೆ ಎಂದು ಅಪ್ಪನ ಕಿವಿಗೆ ಹಾಕಿದಳು. ಮಗಳ ಬಾಳಿಗಾಗಿ ಕುರ್ಚಿ ಬಿಟ್ಟು ಏಳದಿದ್ದ ಮನುಷ್ಯ ಶ್ರಾವಣದ ಮುಂದಿನ ಭಾನುವಾರವೇ ಹೆಂಡತಿ, ಮಗಳು, ಮೊಮ್ಮಗಳ ಸಮೇತ ಸಂಭಾಜಿನಗರದಲ್ಲಿ ಹಾಜರಾದರು. ಭುಜಂಗ ತಾನೂ ಬರುತ್ತೇನೆಂದ. ಬೇಡ, ಇಬ್ಬರನ್ನು ತಡೆದುಕೊಳ್ಳುವುದೇ ಸಾಕಾಗಿದೆ, ಮೂರನೆಯ ಗಂಡಸು ಬೇಡ ಎಂದು ಅಶ್ವಿನಿ ಅವನನ್ನು ಬಿಟ್ಟುಬಂದಳು.

ಪ್ರಿಯಾ ಕಡುಬು ಮಾಡಿದ್ದಳು. ಉಂಡು ಪಡಸಾಲೆಯಲ್ಲಿ ಕೂತದ್ದೇ ತಡ, ಸಂಗಮ್ಮ ಗಂಡನ ಬೆನ್ನಿಗೆ ಮೊಣಕೈಯಿಂದ ತಿವಿದಳು. ಮನ್ಮಥಪ್ಪ ಬೇರೆ ದಾರಿಯಿಲ್ಲದೆ ಮಗಳ ಮಾತೆತ್ತಿದರು. ಎತ್ತಿದ್ದೇನೋ ಎತ್ತಿದರು, ಎರಡೇ ವಾಕ್ಯಕ್ಕೆ ಮಗಳನ್ನು ಬಿಟ್ಟು ಸ್ವಾತಂತ್ರ್ಯಕ್ಕೆ ಹಾರಿದರು.

"ನಿಮ್ಮ ಸ್ವಾತಂತ್ರ್ಯ ಅಂದ್ರ ಏನ್ರಿ ಬೀಗರ?" ಎಂದರು ಮಲ್ಲಿನಾಥ, ಅಡಿಕೆ ಬಾಯಿಗೆ ಹಾಕಿಕೊಂಡು. "ಇವತ್ತ ಅನಿಸಿದ್ದು ಇವತ್ತೇ ಮಾಡೋದು. ನಾಳಿ ಅದರ ಫಲ ಉಣ್ಣಾಕಿ ಯಾರು? ಒಂದು ಮನಿ ಕಟ್ಟಲಾಕ ತಲಿಮಾರು ಬೇಕು, ಕೆಡವಲಾಕ ಒಂದು ಮಧ್ಯಾಹ್ನ ಸಾಕು."

"ಮನಿ ಯಾರ ಸಲುವಾಗಿ ಕಟ್ಟೋದ್ರಿ? ಒಳಗಿದ್ದವರ ಸಲುವಾಗಿ. ಒಳಗಿನವರಿಗಿ ಉಸಿರು ಕಟ್ಟಿದ್ರ ಗ್ವಾಡಿ ಪೂಜಾ ಮಾಡ್ಕೋತ ಕೂಡಬೇಕೇನು?"

ಎರಡೂ ಒಳ್ಳೆಯ ಮಾತುಗಳೇ. ಬೇರೆ ದಿನವಾಗಿದ್ದರೆ ಅಶ್ವಿನಿ ತರಗತಿಯಲ್ಲಿ ಹೇಳಲು ನೆನಪಿಟ್ಟುಕೊಳ್ಳುತ್ತಿದ್ದಳು. ಈಗ ಆಕೆಗೆ ಕಂಡದ್ದು ಮಾತಿನ ಮತ್ತೇರಿದ ಎರಡು ಮುಖಗಳು. ತಾನು ಎದುರಿಗೇ ಕೂತಿದ್ದೇನೆ ಎನ್ನುವುದೂ ಇಬ್ಬರಿಗೂ ಮರೆತುಹೋಗಿತ್ತು. ಇವರಿಗೆ ತಾನು ಬರೀ ಉದಾಹರಣೆ ಎಂದು ಆಕೆಗೆ ಅನಿಸಿತು, ಅಸಹ್ಯವಾಯಿತು.

ಗೋಡೆಬದಿಯ ಮಂಚದ ಮೇಲೆ ಮಲ್ಲಿನಾಥರ ತಾಯಿ ಚನಬಸವ್ವ ಒರಗಿದ್ದಳು. ತೊಂಬತ್ತರ ಹತ್ತಿರದ ಮುದುಕಿ, ಕಿವಿ ಮಂದ. ಎಲ್ಲರೂ ಆಯಿ ಎನ್ನುತ್ತಿದ್ದರು. "ಏನಂತ ಇವರದು?" ಎಂದು ಸಂಗಮ್ಮನನ್ನು ಕೇಳಿದಳು.

ಸಂಗಮ್ಮ ಆಕೆಯ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದಳು. "ಅಶ್ವಿನಿಗಿ ಮತ್ತ ಲಗ್ನ ಮಾಡಬೇಕಂತ್ರಿ ಆಯೀ!"

"ಹೌದಾ? ಉಡಿಕಿ ಮಾಡ್ರಿ ಮತ್ತ. ಅದರಾಗ ಇಷ್ಟು ಒದರಾಡೋದು ಏನದ?"

ನಾಶಿಕದಲ್ಲಿ ಹುಟ್ಟಿ ಬೆಳೆದ ಅಶ್ವಿನಿ ಆ ಶಬ್ದವನ್ನೇ ಕೇಳಿರಲಿಲ್ಲ. ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಸೀರೆ ಉಡಿಸಿ ಕೊಡುವುದು, ನಮ್ಮ ಹಳ್ಳಿ ಕಡೆ ಇತ್ತು ಎಂದು ಸಂಗಮ್ಮ ಪಿಸುಗುಟ್ಟಿದಳು.

"ಅದು ನಮ್ಮಂಥವರ ಪದ್ಧತಿ ಅಲ್ಲವ್ವಾ," ಎಂದರು ಮಲ್ಲಿನಾಥ, ದನಿ ಏರಿಸಿ.

"ನಮ್ಮದಲ್ಲಂತ! ನಿಮ್ಮಪ್ಪನ್ನ ಹಡದಾಕಿ ಯಾರೋ? ನಮ್ಮತ್ತಿ. ಆಕಿ ಉಡಿಕಿ ಆಗೇ ಈ ಮನಿಗಿ ಬಂದಾಕಿ. ಊರಿಗೆಲ್ಲ ಗೊತ್ತಿತ್ತು. ನೀವು ಈ ಕಡಿ ಬಂದು ದೊಡ್ಡವರಾದ ಮ್ಯಾಲ ಯಾರೂ ಆ ಮಾತು ಆಡಲಿಲ್ಲ, ಅಷ್ಟೇ."

ಮಲ್ಲಿನಾಥರ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಅಶ್ವಿನಿ ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟಳು. ಎಷ್ಟೋ ತಲೆಮಾರುಗಳ ಪರವಾಗಿ ವಕಾಲತ್ತು ಮಾಡುವ ಮನುಷ್ಯನಿಗೆ ತನ್ನ ಸ್ವಂತ ಅಜ್ಜಿ ಯಾರೆಂದು ಗೊತ್ತಿರಲಿಲ್ಲ. ಅವರು ಜೀವ ಕೊಟ್ಟು ಕಾಯುತ್ತಿದ್ದ ಸಂಪ್ರದಾಯ ಈ ಊರಿಗೆ ಬಂದು ಅಂಗಡಿ ಹಾಕಿದ ಮೇಲೆ ಹುಟ್ಟಿದ್ದು.

ಆದರೆ ಇಂಥವರು ಬಿದ್ದಷ್ಟೇ ಬೇಗ ಎದ್ದು ಕೂರುತ್ತಾರೆ. ಪ್ರಿಯಾ ತಂದಿಟ್ಟ ಚಹಾ ಆರುವಷ್ಟರಲ್ಲಿ ಮಲ್ಲಿನಾಥರ ಮುಖ ಅರಳಿತ್ತು. "ನೋಡ್ರಿ ಬೀಗರ! ನಿಮ್ಮ ಲಿಬರಲ್ ಮಂದಿ ಇವತ್ತ ಕಲಿಸಲಾಕ ಬರೋದು ನಮ್ಮ ಹಿರಿಯರು ಎಂದೋ ಮಾಡಿ ಇಟ್ಟಾರ. ಇದಕ್ಕ ಅಂತಾರ ಸಂಪ್ರದಾಯ!"

"ಅಂದ್ರ ನಿಮ್ಮ ಹಿರಿಯರು ಲಿಬರಲ್ ಇದ್ದರು ಅಂತಾಯ್ತು!" ಎಂದು ಮನ್ಮಥಪ್ಪ ತೊಡೆ ತಟ್ಟಿದರು. "ಮುಂದಿನ ಸಭಾದಾಗ ನಾ ಇದನ್ನೇ ಹೇಳಾಂವ."

ಸತ್ತು ಮಣ್ಣಾದ ಮುದುಕಿಯನ್ನು ಇಬ್ಬರೂ ತಮ್ಮ ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳುತ್ತಿದ್ದರು. ಸೇರಿಸಿಕೊಳ್ಳಲಿ ಎಂದುಕೊಂಡಳು ಅಶ್ವಿನಿ. ಯಾರ ಹೆಸರಿನಲ್ಲಾದರೂ ಸರಿ, ಮಗಳಿಗೆ ಈ ಮನೆ ಉಳಿದರೆ ಸಾಕು. ಆಕೆಗೆ ನಿಜವಾಗಿ ಸಂತೋಷವಾಗಿತ್ತು, ಕಣ್ಣು ತುಂಬಿದ್ದವು.

ಮಲ್ಲಿನಾಥರು ತಾಯಿಯ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡರು. ಪದ್ಧತಿ ಎಂದ ಮೇಲೆ ಪದ್ಧತಿಯ ಪ್ರಕಾರವೇ ಆಗಬೇಕಲ್ಲ. "ಹ್ಯಾಂಗ ಮಾಡತಿದ್ರವ್ವಾ?"

"ಹೊತ್ತು ಮುಳುಗಿದ ಮ್ಯಾಲ, ಹಿತ್ತಲದಾಗ. ಮುತ್ತೈದೇರು ನಿಂದರಬಾರದು. ಬಾಜಾ ಇಲ್ಲ, ಭಜಂತ್ರಿ ಇಲ್ಲ. ಸೀರಿ ಕೊಟ್ಟು, ಮುಸುಕು ಹಾಕಿ ಕಳಸೋದು."

"ಮೊದಲಿನ ಗಂಡನ ಮಕ್ಕಳಿದ್ರ?"

"ಅವು ಅಲ್ಲೇ. ಆ ಮನಿ ಕೂಸು ಆ ಮನ್ಯಾಗೇ."

ಮಲ್ಲಿನಾಥರು ಆಶೀರ್ವಾದ ಮಾಡುವವರ ಹಾಗೆ ಕೈ ಎತ್ತಿದರು. "ಹಂಗೇ ಆಗಲಿ. ನಾ ಒಪ್ಪೀನಿ ಅಶ್ವಿನಿ. ನೀ ಸುಖವಾಗಿ ಹೋಗು. ಮೃಣಾಲಿನಿ ಇಲ್ಲೇ ಇರ್ತಾಳ. ಓಂಕಾರಂದು ಅಂತ ನನಗ ಉಳದದ್ದು ಆಕಿ ಒಬ್ಬಾಕಿ." ಕೊನೆಯ ಮಾತು ಹೇಳುವಾಗ ಅವರು ಗೋಡೆಯ ಮೇಲೆ ಮಗ ಎಳೆದಿದ್ದ ಗೆರೆಗಳ ಕಡೆ ನೋಡಿದರು. ಅದು ನಾಟಕವಾಗಿರಲಿಲ್ಲ. ಅದಕ್ಕೇ ಅಶ್ವಿನಿಗೆ ಇನ್ನಷ್ಟು ಹೆದರಿಕೆಯಾಯಿತು.

ಆಕೆ ಅಪ್ಪನ ಕಡೆ ನೋಡಿದಳು. ಈಗಲಾದರೂ ಒದರುತ್ತಾರೆ, ಯಾರ ರೆಕ್ಕೆಯನ್ನೂ ಕತ್ತರಿಸದ ಮನುಷ್ಯ.

ಮನ್ಮಥಪ್ಪ ಕನ್ನಡಕ ತೆಗೆದರು. "ಇದು ಸರಿ ಅಲ್ರಿ ಬೀಗರ. ಕೂಸು ಅಂದ್ರ ಆಸ್ತಿ ಅಲ್ಲ, ಆಕಿನೂ ಒಬ್ಬ ವ್ಯಕ್ತಿ. ಆಕಿಗಿ ಆಯ್ಕಿ ಮಾಡೋ ಹಕ್ಕದ. ನಾವ್ಯಾಕ ಜಗಳಾಡಬೇಕು? ಆಕಿನ್ನೇ ಕೇಳೋಣು. ಮೃಣಾಲಿನಿ, ಇಲ್ಲಿ ಬಾ. ಯಾರಿಗೂ ಅಂಜಬ್ಯಾಡ, ಎಲ್ಲರ ಮುಂದ ಹೇಳು. ನಿನಗ ಅವ್ವ ಬೇಕೋ, ಈ ಮನಿ ಬೇಕೋ?"

ಒಳಬಾಗಿಲಲ್ಲಿ ಪ್ರಿಯಾಳ ಮಕ್ಕಳ ಜೊತೆ ನಿಂತಿದ್ದ ಹುಡುಗಿ ಪಡಸಾಲೆಯ ನಡುವೆ ಬಂದು ನಿಂತಳು. ಮನೆಯಲ್ಲಿ ಯಾರು ಕನ್ನಡದಲ್ಲಿ ಮಾತಾಡಿಸಿದರೂ ಮರಾಠಿಯಲ್ಲೇ ಉತ್ತರ ಕೊಡುವ ಹುಡುಗಿ. ಆದರೆ ತಿಳಿಯದ ಮಾತು ಒಂದೂ ಇರಲಿಲ್ಲ. ಆಕೆ ಒಮ್ಮೆ ತಾಯಿಯನ್ನು, ಒಮ್ಮೆ ಮಲ್ಲಿನಾಥರನ್ನು ನೋಡಿದಳು. ಕಣ್ಣಿಂದ ನೀರು ಇಳಿಯಿತು.

ಒಬ್ಬರು ಮಗಳನ್ನು ಕಿತ್ತುಕೊಳ್ಳುತ್ತಿದ್ದಾರೆ. ಇನ್ನೊಬ್ಬರು ಕಿತ್ತುಕೊಳ್ಳುವ ಕೆಲಸವನ್ನು ಮಗಳ ಕೈಗೇ ಕೊಟ್ಟು, ಅದಕ್ಕೆ ಹಕ್ಕು ಎಂದು ಹೆಸರಿಟ್ಟಿದ್ದಾರೆ. ಇಂಥ ಅಪ್ಪನ ಮುಖಕ್ಕೆ ಉಗಿಯಬೇಕು ಎಂದು ಅಶ್ವಿನಿಗೆ ಅನಿಸಿತು, ಅನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

"ಕೂಸು ಯಾಕ ಅಳ್ಳಾಕತ್ತದ?" ಎಂದಳು ಚನಬಸವ್ವ. ಸಂಗಮ್ಮ ಹೇಳಿದಳು. ಮುದುಕಿ ಸ್ವಲ್ಪ ಹೊತ್ತು ತುಟಿ ಚಪ್ಪರಿಸಿಕೊಂಡು, ಮಗನ ಕಡೆ ತಿರುಗಿದಳು.

"ನಮ್ಮತ್ತಿನೂ ಆ ಊರಾಗ ಒಂದು ಗಂಡು ಕೂಸು ಬಿಟ್ಟು ಬಂದಿದ್ಳು. ಮಾಳಪ್ಪ ಅಂತ. ಇಲ್ಲಿ ಆಮ್ಯಾಲ ನಿಮ್ಮಪ್ಪ ಹುಟ್ಟಿದ, ನಿಮ್ಮ ಕಾಕಾಗೋಳು ಹುಟ್ಟಿದ್ರು. ಆ ಹೆಸರು ಆಕಿ ಬಾಯಾಗ ಎಂದೂ ಕೇಳಿದ್ದಿಲ್ಲ. ಸಾಯೋ ಮುಂದ ನಿಮ್ಮಪ್ಪ ಬಾಯಾಗ ನೀರು ಬಿಟ್ಟ. ಆಕಿ ಕಣ್ಣು ತೆರದು, 'ಮಾಳಪ್ಪಾ, ಬಂದೇನಪ್ಪಾ' ಅಂದ್ಳು. ನಿಮ್ಮಪ್ಪ ಅಲ್ಲ ಅನಲಿಲ್ಲ. 'ಹೂಂನವ್ವಾ, ಬಂದೀನಿ' ಅಂದ. ಆ ಮ್ಯಾಲ ಹಿತ್ತಲದಾಗ ಹೋಗಿ ಕೂತು ಅತ್ತ."

ಸಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿರಿಯರ ಮಾತು ಕೇಳಬೇಕು ಎಂದು ಮೂರು ಹೊತ್ತೂ ಹೇಳುವವರು ಈಗ ಕೇಳುತ್ತಾರೋ ಎಂದು ಅಶ್ವಿನಿ ಮಾವನ ಮುಖ ನೋಡಿದಳು.

"ಅದು ಆವಾಗಿನ ಮಾತವ್ವಾ," ಎಂದರು ಮಲ್ಲಿನಾಥ ನೆಲ ನೋಡುತ್ತ. "ಈಗ ಕಾಲ ಬದಲಾಗ್ಯದ. ಫೋನದ, ಬಸ್ಸದ, ಬಂದು ಹೋಗಿ ಮಾಡಬಹುದು."

"ಹೌದ್ರಿ," ಎಂದರು ಮನ್ಮಥಪ್ಪ. "ಸಣ್ಣ ಹುಡುಗಿಗಿ ಏನು ತಿಳೀತದ. ಹಿರಿಯರು ನಾಲ್ಕು ಮಂದಿ ಕೂತು ತೀರ್ಮಾನ ಮಾಡಿದ್ರಾತು."

ಅಶ್ವಿನಿ ಇಬ್ಬರನ್ನೂ ನೋಡಿದಳು. ಕಾಲ ಬದಲಾಯಿತು ಎಂದದ್ದು ಸಂಪ್ರದಾಯವಾದಿ, ಹಿರಿಯರು ತೀರ್ಮಾನ ಮಾಡಲಿ ಎಂದದ್ದು ಉದಾರವಾದಿ. ಇಷ್ಟು ವರ್ಷ ಹೊಡೆದಾಡಿದ ಎರಡು ಸಿದ್ಧಾಂತಗಳನ್ನು ಇಬ್ಬರೂ ಒಂದೇ ಉಸಿರಿಗೆ ಅದಲುಬದಲು ಮಾಡಿಕೊಂಡಿದ್ದರು, ಮಾಡಿಕೊಂಡದ್ದು ಇಬ್ಬರಿಗೂ ಗೊತ್ತಾಗಲೇ ಇಲ್ಲ. ಆಕೆಗೆ ಇನ್ನು ಸಿಟ್ಟು ಕೂಡ ಬರಲಿಲ್ಲ. ಇವರ ಒಪ್ಪಿಗೆಗಾಗಿ ಇಷ್ಟು ದಿನ ಬಸ್ಸಿನಲ್ಲಿ ಅಲೆದೆನಲ್ಲ ಎಂದು ತನ್ನ ಬಗ್ಗೆಯೇ ತಾತ್ಸಾರ ಮೂಡಿತು.

ಆಕೆ ಎದ್ದು ಮಗಳ ಕೈ ಹಿಡಿದಳು. "ಮಾವಾರ, ಅಪ್ಪಾ, ನಾ ಇಲ್ಲಿ ಕೇಳಲಾಕ ಬಂದಿದ್ದೆ. ತಪ್ಪಾತು. ಕೇಳೋದು ಮುಗೀತು, ಈಗ ಹೇಳ್ತೀನಿ. ಮುಂದಿನ ತಿಂಗಳು ನಾಶಿಕದಾಗ ರಜಿಸ್ಟರ್ ಲಗ್ನ ಅದ. ಹಗಲೇ ಅದ, ಮುಸುಕು ಇಲ್ಲ. ಮೃಣಾಲಿನಿ ನನ್ನ ಜೊತಿ ಇರ್ತಾಳ. ಆಕಿನ್ನ ಯಾರೂ ಏನೂ ಕೇಳಬ್ಯಾಡ್ರಿ. ಬರೋರು ಬರ್ರಿ."

"ನಾ ಬರ್ತೀನಿ," ಎಂದಳು ಸಂಗಮ್ಮ, ಚೀಲ ಎತ್ತಿಕೊಳ್ಳುತ್ತ. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಮೃಣಾಲಿನಿ ತಾಯಿಯ ಕೈ ಬಿಡಿಸಿಕೊಂಡು ಮಲ್ಲಿನಾಥರ ಹತ್ತಿರ ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಎದ್ದು ನಿಂತು, ಒಂದೊಂದೇ ಶಬ್ದ ಹುಡುಕುತ್ತ, ಕನ್ನಡದಲ್ಲಿ ಕೇಳಿದಳು. "ಮುತ್ಯಾ, ನಾನು ದಿವಾಳಿಗೆ ಬರ್ತೆ. ಮಮ್ಮಿ ಬರ್ತಾಳೆ. ಭುಜಂಗ ಕಾಕಾ ಭೀ ಬರ್ತಾರೆ. ನೀವು ಬಾಗಿಲು ತೆಗೀತ್ರಿ ನಾ?"

ಮಲ್ಲಿನಾಥರು ಮನ್ಮಥಪ್ಪನವರ ಮುಖ ನೋಡಿದರು, ಮನ್ಮಥಪ್ಪನವರು ಮಲ್ಲಿನಾಥರ ಮುಖ ನೋಡಿದರು. ಹುಡುಗಿ ಅಲ್ಲೇ ನಿಂತಿದ್ದಳು.

"ಏನಂತ ಕೂಸು?" ಎಂದು ಚನಬಸವ್ವ ಮಂಚದಿಂದ ಕೇಳಿದಳು. ಯಾರೂ ಹೇಳಲಿಲ್ಲ.